ಬಿಚ್ಚಿಟ್ಟ ಡಿಸ್ಟ್ರಿಬ್ಯೂಟರ್ ಮರಳಿ ಕೂರಿಸುವುದು: ಕಾರ್ಬುರೇಟರ್‌ನಿಂದ ಬೆಂಕಿ, ಟೈಮಿಂಗ್ ಹೊಂದುತ್ತಿಲ್ಲ

ಹಳೆಯಹಾದಿ

ಸಾಲಿನಲ್ಲಿ ಆರು ಸಿಲಿಂಡರ್ ಇರುವ, ಕಾರ್ಬುರೇಟರ್ ಕಾಲದ ಕಾರೊಂದು ಕೈಗೆ ಬಂದಿದೆ. ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ಒಂದೊಂದು ಸಿಲಿಂಡರ್‌ನ ಪ್ಲಗ್‌ಗೆ ಹಂಚುವ ಸಾಧನ) ಎಂಜಿನ್ ಮೇಲಿರಲಿಲ್ಲ, ಡಿಕ್ಕಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಬಿಚ್ಚಿದವರು ಎಲ್ಲಿಯೂ ಗುರುತು ಹಾಕಿಲ್ಲ, ಪ್ಲಗ್ ವೈರ್‌ಗಳೂ ಕ್ಯಾಪ್‌ನಿಂದ ಕಳಚಿದ್ದವು. ಒಳಗೆ ಪಾಯಿಂಟ್ಸ್ (ತೆರೆದಾಗ ಕಿಡಿ ಹುಟ್ಟಿಸುವ ಚಿಕ್ಕ ಸ್ವಿಚ್) ಮತ್ತು ಕಂಡೆನ್ಸರ್ ಇರುವ ಹಳೆಯ ಬಗೆಯದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಸರದಿ, 1-5-3-6-2-4; ಕಿಡಿಯನ್ನು ಟರ್ಮಿನಲ್‌ಗಳಿಗೆ ಮುಟ್ಟಿಸುವ ರೋಟರ್ ತಿರುಗುವುದು ಪ್ರದಕ್ಷಿಣ ದಿಕ್ಕಿನಲ್ಲಿ.

ಕ್ರ್ಯಾಂಕ್‌ನ ಮುಂದಿನ ಪುಲ್ಲಿಯ ಗೆರೆಯನ್ನು ಸೊನ್ನೆಗೆ ತಂದು, ರೋಟರ್ ಒಂದನೆಯ ಟರ್ಮಿನಲ್ ಕಡೆ ಇರುವಂತೆ ಇಳಿಸಿದೆ. ಸೆಲ್ಫ್ ಹೊಡೆದರೆ ಕಾರ್ಬುರೇಟರ್ ಬಾಯಿಂದ ಬೆಂಕಿ ಬರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಇನ್ನೊಂದು ವಿಷಯ: ಡಿಸ್ಟ್ರಿಬ್ಯೂಟರ್ ಪೂರ್ತಿ ಕೂತಿಲ್ಲ. ಬ್ಲಾಕ್‌ಗೂ ಅದರ ಬುಡಕ್ಕೂ ನಡುವೆ ಅರ್ಧ ಸೆಂಟಿಮೀಟರ್ ಸಂದು ಉಳಿದಿದೆ. ಕ್ಲಾಂಪ್ ಬೋಲ್ಟ್ ಬಿಗಿದರೆ ತಾನಾಗಿ ಇಳಿಯುತ್ತದೆಯೇ?

ನಾಲ್ಕನೆಯಗೇರ್

ಒಂದು ಸುತ್ತು ತಪ್ಪಿದೆ. ಡಿಸ್ಟ್ರಿಬ್ಯೂಟರ್ ಎತ್ತಿ, ರೋಟರನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಇಳಿಸಿ. ಎತ್ತಲು ಬೇಸರವಾದರೆ ಕ್ಯಾಪ್‌ನಲ್ಲಿ ಆರೂ ವೈರ್‌ಗಳನ್ನು ಮೂರು ಮೂರು ಮನೆ ಸರಿಸಿ. ಎರಡೂ ಒಂದೇ.

ಕಿಡಿಕಾಲ

ಬೋಲ್ಟ್ ಮುಟ್ಟಬೇಡಿ. ಸೆಲ್ಫ್ ಕೂಡ ಸದ್ಯಕ್ಕೆ ಹೊಡೆಯಬೇಡಿ. ವೈರ್ ಸರಿಸುವ ಮಾತು ಆಮೇಲೆ.

ಇಂತಹ ಹಲವು ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ತುದಿಯೇ ಆಯಿಲ್ ಪಂಪನ್ನು ತಿರುಗಿಸುತ್ತದೆ. ಪಂಪ್ ಶಾಫ್ಟ್‌ನ ತಲೆಯಲ್ಲಿ ಒಂದು ಸೀಳು (ಸ್ಲಾಟ್) ಇರುತ್ತದೆ, ಇಲ್ಲವೇ ಆರು ಮೂಲೆಯ ತುದಿ ಇರುತ್ತದೆ. ಡಿಸ್ಟ್ರಿಬ್ಯೂಟರ್‌ನ ಕೆಳತುದಿ ಅದಕ್ಕೆ ಸರಿಯಾಗಿ ಸಿಕ್ಕಿಕೊಳ್ಳದಿದ್ದರೆ ಗೇರ್ ಹಲ್ಲು ಕಚ್ಚಿದ ಮೇಲೂ ಕೊನೆಯ ಅರ್ಧ ಸೆಂಟಿಮೀಟರ್ ಇಳಿಯುವುದಿಲ್ಲ. ನೀವು ಹೇಳುವ ಸಂದು ಅದೇ. ಈ ಸ್ಥಿತಿಯಲ್ಲಿ ಎಂಜಿನ್ ಹಿಡಿದುಬಿಟ್ಟರೆ ಪಂಪ್ ತಿರುಗುವುದಿಲ್ಲ, ಬೇರಿಂಗ್‌ಗಳಿಗೆ ಎಣ್ಣೆ ಸಿಗುವುದಿಲ್ಲ. ಬೋಲ್ಟ್ ಬಿಗಿದು ಎಳೆದರೆ ಗೇರ್ ಅಥವಾ ಪಂಪ್ ಶಾಫ್ಟ್ ಮುರಿಯುತ್ತದೆ. ಎಂಜಿನ್ ಹಿಡಿಯದೇ ಇದ್ದುದು ಒಳ್ಳೆಯದೇ ಆಯಿತು ಎನ್ನಿ.

ಡಿಸ್ಟ್ರಿಬ್ಯೂಟರ್ ಎತ್ತಿ ತೂತಿನಲ್ಲಿ ಟಾರ್ಚ್ ಬಿಡಿ. ಪಂಪ್ ಶಾಫ್ಟ್ ಕಾಣುತ್ತದೆ. ಉದ್ದನೆಯ ಸ್ಕ್ರೂಡ್ರೈವರ್‌ನಿಂದ ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಡಿಸ್ಟ್ರಿಬ್ಯೂಟರ್‌ನ ತುದಿ ಬಂದು ನಿಲ್ಲುವ ಕೋನಕ್ಕೆ ಹೊಂದಿಸಿ. ಸರಿಯಾಗಿ ಸಿಕ್ಕಿದರೆ ಅದು ಕೈಯ ಒತ್ತಡಕ್ಕೇ ಕೂರುತ್ತದೆ.

ಆದರೆ ಅದಕ್ಕೂ ಮೊದಲು ಒಂದನೆಯ ಸಿಲಿಂಡರ್ ಯಾವ ಸ್ಟ್ರೋಕ್‌ನಲ್ಲಿದೆ ಎಂದು ಗೊತ್ತಾಗಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಮತ್ತು ಡಿಸ್ಟ್ರಿಬ್ಯೂಟರ್ ಒಂದು ಸುತ್ತು ತಿರುಗುತ್ತವೆ. ಹಾಗಾಗಿ ಪುಲ್ಲಿಯ ಗೆರೆ ಸೊನ್ನೆಗೆ ಬರುವುದು ಪ್ರತಿ ಆವರ್ತಕ್ಕೆ ಎರಡು ಸಲ: ಒಮ್ಮೆ ಕಂಪ್ರೆಷನ್ ಮುಗಿದಾಗ, ಇನ್ನೊಮ್ಮೆ ಎಕ್ಸಾಸ್ಟ್ ಮುಗಿದಾಗ. ಎರಡನೆಯ ಸಲ ಕಿಡಿ ಬಿದ್ದರೆ ಆಗ ಇನ್‌ಟೇಕ್ ವಾಲ್ವ್ ತೆರೆಯುತ್ತಿರುತ್ತದೆ, ಬೆಂಕಿ ಹಿಮ್ಮುಖವಾಗಿ ಕಾರ್ಬುರೇಟರ್‌ಗೆ ಹೋಗುತ್ತದೆ. ನಾಲ್ಕನೆಯಗೇರ್ ಅವರ ಊಹೆ ಸರಿಯೇ ಇರಬಹುದು. ಆದರೆ ಊಹೆಯ ಮೇಲೆ ವೈರ್ ಸರಿಸಿದರೆ ಮುಂದೆ ಯಾವುದು ಮೂಲಸ್ಥಿತಿ ಎಂಬುದೇ ಮರೆತುಹೋಗುತ್ತದೆ.

ಮೌನರೋಟರ್

ಕಂಪ್ರೆಷನ್ ಕಂಡುಹಿಡಿಯುವ ಬಗೆ: ಕಾಯಿಲ್‌ನ ಪ್ರೈಮರಿ ವೈರ್ ತೆಗೆದಿಡಿ. ಆರೂ ಪ್ಲಗ್ ಬಿಚ್ಚಿ. ಒಂದನೆಯ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಬ್ಬರಿಂದ ಕ್ರ್ಯಾಂಕ್ ಬೋಲ್ಟನ್ನು ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿಸಿ. ಎಕ್ಸಾಸ್ಟ್ ಸ್ಟ್ರೋಕ್‌ನಲ್ಲಿ ಬೆರಳಿಗೆ ಏನೂ ತಿಳಿಯುವುದಿಲ್ಲ. ಕಂಪ್ರೆಷನ್‌ನಲ್ಲಿ ಗಾಳಿ ಬೆರಳನ್ನು ತಳ್ಳಿ ಹೊರಗೆ ನುಗ್ಗುತ್ತದೆ. ಆ ಒತ್ತಡ ಬಂದ ಮೇಲೆ ಎದುರಾಗುವ ಗೆರೆಯೇ ನಮಗೆ ಬೇಕಾದ ಗೆರೆ. ಗುರುತು ದಾಟಿಹೋದರೆ ಹಿಂದಕ್ಕೆ ತಿರುಗಿಸಿ ಅಲ್ಲೇ ನಿಲ್ಲಿಸಬೇಡಿ. ಬಹಳ ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ, ಇಲ್ಲವಾದರೆ ಟೈಮಿಂಗ್ ಚೈನ್‌ನ ಸಡಿಲವೆಲ್ಲ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ.

ಬೆರಳಿನ ಮೇಲೆ ನಂಬಿಕೆಯಿಲ್ಲದವರು ವಾಲ್ವ್ ಕವರ್ ತೆಗೆದು ನೋಡಬಹುದು. ಒಂದನೆಯ ಸಿಲಿಂಡರ್‌ನ ಎರಡೂ ರಾಕರ್‌ಗಳು ಸಡಿಲವಾಗಿದ್ದು, ಆರನೆಯದರ ರಾಕರ್‌ಗಳು ಅಲುಗುವ ಹಂತದಲ್ಲಿದ್ದರೆ ಒಂದನೆಯದು ಕಂಪ್ರೆಷನ್‌ನಲ್ಲಿದೆ.

ಇಳಿಸುವಾಗ ನೆನಪಿರಲಿ, ಆ ಗೇರ್‌ನ ಹಲ್ಲು ಓರೆಯಾಗಿರುತ್ತದೆ. ಕೆಳಗಿಳಿದಂತೆ ರೋಟರ್ ತಾನೇ ತಿರುಗುತ್ತದೆ. ಒಮ್ಮೆ ಇಳಿಸಿ, ಮೇಲಿದ್ದಾಗ ಎಲ್ಲಿತ್ತು, ಕೂತಾಗ ಎಲ್ಲಿಗೆ ಬಂತು ಎಂದು ಡಿಸ್ಟ್ರಿಬ್ಯೂಟರ್ ಬಾಡಿಯ ಅಂಚಿನ ಮೇಲೆ ಎರಡು ಗೆರೆ ಎಳೆದುಕೊಳ್ಳಿ. ಮುಂದಿನ ಸಲ ಆ ಅಂತರದಷ್ಟು ಹಿಂದೆ ಹಿಡಿದು ಇಳಿಸಿದರೆ ಬೇಕಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಕೆಲವು ಎಂಜಿನ್‌ಗಳಲ್ಲಿ ಗೇರ್ ಬದಲು ಮಧ್ಯದಿಂದ ಪಕ್ಕಕ್ಕೆ ಸರಿದ ಸೀಳು ಇರುತ್ತದೆ, ಅದು ಒಂದೇ ರೀತಿಯಲ್ಲಿ ಕೂರುತ್ತದೆ. ನಿಮ್ಮದು ಅಂಥದ್ದಲ್ಲ.

ಹಳೆಯಹಾದಿ

ಬೆರಳಿಟ್ಟು ನೋಡಿದೆ, ಮೊದಲು ಕೂರಿಸಿದ್ದು ಎಕ್ಸಾಸ್ಟ್‌ನ ಗೆರೆಗೇ. ಪಂಪ್ ಶಾಫ್ಟ್ ಸ್ವಲ್ಪ ತಿರುಗಿಸಿದ ಮೇಲೆ ಡಿಸ್ಟ್ರಿಬ್ಯೂಟರ್ ಸದ್ದಿಲ್ಲದೆ ಕೂತಿತು. ಎಂಜಿನ್ ಹಿಡಿಯಿತು, ಆಯಿಲ್ ಪ್ರೆಷರ್ ದೀಪವೂ ಆರಿತು!

ಆದರೆ ಓಟದಲ್ಲಿ ಜೀವವಿಲ್ಲ. ಟೈಮಿಂಗ್ ಮುಂದಕ್ಕೆ ತರೋಣವೆಂದು, ಅಂದರೆ ಕಿಡಿ ಬೇಗ ಬೀಳಲೆಂದು, ಬಾಡಿಯನ್ನು ಅಪ್ರದಕ್ಷಿಣವಾಗಿ ತಿರುಗಿಸಿದರೆ ಅದರ ಪಕ್ಕದ ವ್ಯಾಕ್ಯೂಮ್ ಡಬ್ಬಿ (ಎಂಜಿನ್‌ನ ಹೀರುವಿಕೆಯಿಂದ ಟೈಮಿಂಗ್ ಸರಿಸುವ ಭಾಗ) ಬ್ಲಾಕ್‌ಗೆ ತಾಗುತ್ತದೆ. ಮುಂದೆ ಹೋಗಲು ಜಾಗವೇ ಇಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇಗನೆ ಕಾಯುತ್ತಿದೆ.

ನಾಲ್ಕನೆಯಗೇರ್

ಒಂದು ಹಲ್ಲು ಆಚೀಚೆ ಆಗಿದೆ.

ಕಿಡಿಕಾಲ

ಹೌದು. ಗೇರ್‌ಗೆ 13 ಹಲ್ಲುಗಳಿದ್ದರೆ ಒಂದು ಹಲ್ಲು ಎಂದರೆ ಡಿಸ್ಟ್ರಿಬ್ಯೂಟರ್‌ನಲ್ಲಿ ಸುಮಾರು 28 ಡಿಗ್ರಿ, ಕ್ರ್ಯಾಂಕ್‌ನಲ್ಲಿ ಸುಮಾರು 55. ಹಲ್ಲು ತಪ್ಪಿತು ಎಂದು ಜನ ಗಾಬರಿಯಾಗುತ್ತಾರೆ. ನಿಜವಾಗಿ ನೋಡಿದರೆ ಬಾಡಿ ತಿರುಗಲು ಜಾಗವಿದ್ದು, ರೋಟರ್ ಎದುರಿಗೆ ಒಂದನೆಯ ವೈರ್ ಇದ್ದರೆ, ಯಾವ ಹಲ್ಲಿಗೆ ಕೂತರೂ ಎಂಜಿನ್‌ಗೆ ಭೇದವಿಲ್ಲ. ನಿಮ್ಮ ತೊಂದರೆ ಜಾಗದ್ದು. ರೋಟರನ್ನು ಒಂದು ಹಲ್ಲು ಪ್ರದಕ್ಷಿಣವಾಗಿ ಮುಂದಿಟ್ಟು ಕೂರಿಸಿ, ಆಗ ಬಾಡಿ ಅಷ್ಟೇ ಕೋನ ಬ್ಲಾಕ್‌ನಿಂದ ದೂರ ಬರುತ್ತದೆ. ಪಂಪ್ ಶಾಫ್ಟನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಮ್ಯಾನಿಫೋಲ್ಡ್ ಕಾಯುವುದಕ್ಕೆ ಕಾರಣ ಕಿಡಿ ತಡವಾಗುತ್ತಿರುವುದು. ಉರಿ ಸಿಲಿಂಡರ್‌ನೊಳಗೆ ಮುಗಿಯದೆ ಎಕ್ಸಾಸ್ಟ್ ವಾಲ್ವ್ ದಾಟಿ ಹೋಗುತ್ತಿದೆ. ಹೀಗೆ ಹೆಚ್ಚು ಹೊತ್ತು ಓಡಿಸಬೇಡಿ.

ಈ ಸಲ ಸೆಲ್ಫ್ ಹೊಡೆಯುವ ಮೊದಲೇ ದೀಪ ಇಟ್ಟು ಟೈಮಿಂಗ್ ಹೊಂದಿಸಿಕೊಳ್ಳಿ. ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಪುಲ್ಲಿಯನ್ನು ಕೈಪಿಡಿ ಹೇಳುವ ಡಿಗ್ರಿಗೆ, ಅಂದರೆ ಟಿಡಿಸಿಗೂ (ಪಿಸ್ಟನ್ ತೀರ ಮೇಲಿರುವ ಬಿಂದು) ಮೊದಲಿನ ಗುರುತಿಗೆ ತನ್ನಿ. 12 ವೋಲ್ಟ್‌ನ ಚಿಕ್ಕ ಬಲ್ಬಿನ ಒಂದು ತುದಿಯನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ತೆಳು ಪ್ರೈಮರಿ ವೈರ್‌ನ ಟರ್ಮಿನಲ್‌ಗೆ, ಇನ್ನೊಂದನ್ನು ಅರ್ತ್‌ಗೆ ಕೊಡಿ. ಇಗ್ನಿಷನ್ ಆನ್ ಮಾಡಿ. ಪಾಯಿಂಟ್ಸ್ ಮುಚ್ಚಿದ್ದರೆ ಬಲ್ಬ್ ಆರಿರುತ್ತದೆ, ತೆರೆದ ಕ್ಷಣ ಹತ್ತುತ್ತದೆ. ಕಿಡಿ ಬೀಳುವುದೂ ಆ ಕ್ಷಣದಲ್ಲೇ. ಬಾಡಿಯನ್ನು ಪ್ರದಕ್ಷಿಣವಾಗಿ ತಿರುಗಿಸಿ ಬಲ್ಬ್ ಆರಿಸಿಕೊಳ್ಳಿ. ಆಮೇಲೆ ಅಪ್ರದಕ್ಷಿಣವಾಗಿ ನಿಧಾನಕ್ಕೆ ತನ್ನಿ, ಹತ್ತಿದೊಡನೆ ನಿಲ್ಲಿಸಿ ಕ್ಲಾಂಪ್ ಬಿಗಿಯಿರಿ. ಪಾಯಿಂಟ್ಸ್ ಮುಚ್ಚಿರುವಾಗ ಇಗ್ನಿಷನ್ ಆನ್ ಮಾಡಿಟ್ಟು ಎದ್ದುಹೋಗಬೇಡಿ, ಕಾಯಿಲ್ ಕಾದು ಕೆಡುತ್ತದೆ.

ಮೌನರೋಟರ್

ಅದಕ್ಕೂ ಮೊದಲು ಪಾಯಿಂಟ್ಸ್ ಅಂತರ ನೋಡಿದ್ದೀರಾ? ರೋಟರ್ ಕೆಳಗಿನ ಕ್ಯಾಮ್‌ನ ಮೂಲೆ ಪಾಯಿಂಟ್ಸನ್ನು ಪೂರ್ತಿ ತೆರೆದಿರುವಾಗ ಫೀಲರ್ ಗೇಜ್ ಹಾಕಬೇಕು. ಕೈಪಿಡಿಯ ಅಂಕಿಯೇ ಅಂತಿಮ, ಸಾಮಾನ್ಯವಾಗಿ 0.35ರಿಂದ 0.5 ಮಿ.ಮೀ. ಒಳಗಿರುತ್ತದೆ. ಅಂತರ ಹೆಚ್ಚಿಸಿದರೆ ಪಾಯಿಂಟ್ಸ್ ಬೇಗ ತೆರೆಯುತ್ತದೆ, ಟೈಮಿಂಗ್ ಮುಂದಕ್ಕೆ ಹೋಗುತ್ತದೆ. ಕಡಿಮೆ ಮಾಡಿದರೆ ಹಿಂದಕ್ಕೆ. ಟೈಮಿಂಗ್ ಇಟ್ಟ ಮೇಲೆ ಪಾಯಿಂಟ್ಸ್ ಮುಟ್ಟಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಹಾಗೆಯೇ ಶಾಫ್ಟನ್ನು ಅಡ್ಡಡ್ಡ ಅಲುಗಿಸಿ ನೋಡಿ. ಬುಶ್ ಸವೆದು ಶಾಫ್ಟ್ ಆಡುತ್ತಿದ್ದರೆ ಅಂತರ ಒಂದೊಂದು ಸಿಲಿಂಡರ್‌ಗೆ ಒಂದೊಂದಾಗುತ್ತದೆ. ಆಗ ಯಾವ ಗೇಜೂ ಉಪಯೋಗಕ್ಕೆ ಬರುವುದಿಲ್ಲ.

ಹಳೆಯಹಾದಿ

ಶಾಫ್ಟ್ ಗಟ್ಟಿಯಾಗಿದೆ. ಪಾಯಿಂಟ್ಸ್ ಹೊಸದು ಹಾಕಿ ಅಂತರ ಇಟ್ಟೆ, ಒಂದು ಹಲ್ಲು ಮುಂದಿಟ್ಟು ಕೂರಿಸಿದೆ, ಬಲ್ಬ್ ಇಟ್ಟು ಹೊಂದಿಸಿದೆ. ಕೀಲಿ ತಿರುಗಿಸಿದ ಕೂಡಲೇ ಹಿಡಿಯಿತು. ಬಾಡಿ ಈಗ ಎರಡೂ ಕಡೆ ತಿರುಗುತ್ತದೆ.

ಈಗಿನ ಒಗಟು ಬೇರೆ. ಕೈಪಿಡಿಯಲ್ಲಿ ಟಿಡಿಸಿಗೆ 8 ಡಿಗ್ರಿ ಮೊದಲು ಎಂದಿದೆ. ಟೈಮಿಂಗ್ ಲೈಟ್‌ನಲ್ಲಿ (ಒಂದನೆಯ ಪ್ಲಗ್‌ಗೆ ಕಿಡಿ ಬಿದ್ದಾಗಲೆಲ್ಲ ಮಿಂಚಿ ಪುಲ್ಲಿಯ ಗೆರೆ ತೋರಿಸುವ ದೀಪ) 8 ತೋರಿಸುವಂತೆ ಇಟ್ಟರೆ ಎಂಜಿನ್ ಮಂಕಾಗಿ ನಡುಗುತ್ತದೆ, ಪಿಕಪ್ ಇಲ್ಲ. ಬಾಡಿ ತಿರುಗಿಸುತ್ತ ಹೋಗಿ ಲೈಟ್‌ನಲ್ಲಿ 19-20 ತೋರಿಸುವ ಹೊತ್ತಿಗೆ ನುಣುಪಾಗಿ ಓಡುತ್ತದೆ. ಯಾವುದನ್ನು ನಂಬಲಿ?

ಕಿವಿಮಾತು

ಎಂಜಿನ್ನನ್ನು ನಂಬಿ. ಲೈಟ್ ಕೈಗೆ ಬರುವ ಮೊದಲೂ ಜನ ಕಾರು ಓಡಿಸುತ್ತಿದ್ದರು. ಬಾಡಿ ತಿರುಗಿಸುತ್ತ ಎಂಜಿನ್ ಅತಿ ವೇಗವಾಗಿ, ಸಮವಾಗಿ ಓಡುವ ಜಾಗ ಹುಡುಕಿ, ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ. ಏರಿನಲ್ಲಿ ಟಾಪ್ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿ, ಪಿಂಕಿಂಗ್ (ಎಂಜಿನ್‌ನ ಕಿಟಕಿಟ ಬಡಿತ) ಬಂದರೆ ಇನ್ನೂ ಸ್ವಲ್ಪ ಹಿಂದಕ್ಕೆ. ಮುಗಿಯಿತು. ಅಂಕಿಗಳನ್ನು ನೋಡುತ್ತ ಕೂತರೆ ಗಾಡಿ ಶೆಡ್ಡಿನಲ್ಲೇ ಇರುತ್ತದೆ.

ಕಿಡಿಕಾಲ

ಕಿವಿಮಾತು ಅವರೇ, ನಿಮ್ಮ ಕಿವಿಯ ಮೇಲೆ ಗೌರವವಿದೆ. ಆದರೆ ಖಾಲಿ ನಿಂತ ಎಂಜಿನ್‌ಗೆ ಹೆಚ್ಚು ಅಡ್ವಾನ್ಸ್ ಕೊಟ್ಟಷ್ಟೂ, ಅಂದರೆ ಕಿಡಿಯನ್ನು ಬೇಗ ಬೀಳಿಸಿದಷ್ಟೂ, ಅದು ವೇಗವಾಗಿಯೇ ಓಡುತ್ತದೆ. ಭಾರ ಬಿದ್ದಾಗ ಅದಕ್ಕೇನು ಬೇಕು ಎನ್ನುವುದನ್ನು ಐಡಲ್‌ನ ಸದ್ದು ಹೇಳುವುದಿಲ್ಲ. 20 ಡಿಗ್ರಿ ನಿಜವೇ ಆಗಿದ್ದರೆ, ಅದರ ಮೇಲೆ ಸೆಂಟ್ರಿಫ್ಯೂಗಲ್ ಅಡ್ವಾನ್ಸ್ (ವೇಗ ಏರಿದಂತೆ ಡಿಸ್ಟ್ರಿಬ್ಯೂಟರ್‌ನೊಳಗಿನ ತೂಕಗಳು ಕೊಡುವುದು) 24-25 ಡಿಗ್ರಿ ಕೂಡಿದರೆ ಒಟ್ಟು 45 ಆಗುತ್ತದೆ. ಇಂತಹ ಎಂಜಿನ್‌ಗೆ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಅದು ವಿಪರೀತ. ಪಿಂಕಿಂಗ್ ಎಲ್ಲ ಸಲವೂ ಕಿವಿಗೆ ಕೇಳುತ್ತದೆ ಎಂಬ ಖಾತರಿಯಿಲ್ಲ. ವೇಗದಲ್ಲಿ ಗಾಳಿ ಮತ್ತು ಚಕ್ರದ ಸದ್ದಿನಲ್ಲಿ ಮುಳುಗಿಹೋಗುತ್ತದೆ, ಪಿಸ್ಟನ್ ಮಾತ್ರ ಹಾಳಾಗುತ್ತಿರುತ್ತದೆ.

ಹಳೆಯಹಾದಿ ಅವರೇ, ಲೈಟ್ ಹಿಡಿದಾಗ ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿ ಮುಚ್ಚಿದ್ದಿರಾ? ಐಡಲ್ ಎಷ್ಟಿತ್ತು? ಐಡಲ್ 1000ದ ಮೇಲಿದ್ದರೆ ಸೆಂಟ್ರಿಫ್ಯೂಗಲ್ ತೂಕಗಳು ಆಗಲೇ ತೆರೆಯಲು ತೊಡಗಿರುತ್ತವೆ, ಓದಿದ ಅಂಕಿ ಬೇಸ್ ಟೈಮಿಂಗ್ (ಯಾವ ಅಡ್ವಾನ್ಸೂ ಸೇರದ ಟೈಮಿಂಗ್) ಆಗಿರುವುದಿಲ್ಲ.

ಹಳೆಯಹಾದಿ

ಪೈಪ್ ಕಿತ್ತು ಬಾಯಿ ಮುಚ್ಚಿದ್ದೆ. ಐಡಲ್ 650ರ ಆಸುಪಾಸು. ಲೈಟಿನ ಕ್ಲಿಪ್ ಒಂದನೆಯ ವೈರ್ ಮೇಲೆಯೇ ಇತ್ತು.

ಕಿವಿಮಾತು

ಪಿಸ್ಟನ್ ಹಾಳಾಗುವಷ್ಟು ಮುಂದಿದ್ದರೆ ಬಿಸಿ ಎಂಜಿನ್‌ಗೆ ಸೆಲ್ಫ್ ಹೊಡೆದಾಗ ಹಿಂದಕ್ಕೆ ಒದೆಯುತ್ತದೆ, ಮೋಟರ್ ತಡವರಿಸುತ್ತದೆ. ಇವರ ಎಂಜಿನ್ ಒದೆಯುತ್ತಿದೆಯೇ? ಅದನ್ನು ಕೇಳಿ ಮೊದಲು.

ಹಳೆಯಹಾದಿ

ಇಲ್ಲ. ಬಿಸಿಯಾಗಿರುವಾಗಲೂ ಸಲೀಸಾಗಿ ತಿರುಗುತ್ತದೆ.

ಮೌನರೋಟರ್

ಹಾಗಾದರೆ ಅದು 20 ಇರಲಿಕ್ಕಿಲ್ಲ. ಇಬ್ಬರೂ ಗುರುತು ಸರಿಯಿದೆ ಎಂದುಕೊಂಡು ವಾದಿಸುತ್ತಿದ್ದೀರಿ.

ಆರು ಸಿಲಿಂಡರ್ ಎಂಜಿನ್‌ನ ಮುಂದಿನ ಪುಲ್ಲಿ ಹೆಚ್ಚಾಗಿ ಒಂದೇ ತುಂಡಿನದಲ್ಲ. ನಡುವಿನ ಗುಂಬಕ್ಕೂ ಹೊರಗಿನ ಉಂಗುರಕ್ಕೂ ನಡುವೆ ರಬ್ಬರ್ ಇರುತ್ತದೆ, ಕ್ರ್ಯಾಂಕ್‌ನ ತಿರುಚುವ ಕಂಪನವನ್ನು ಹೀರಲು. ಟೈಮಿಂಗ್ ಗೆರೆ ಇರುವುದು ಹೊರಗಿನ ಉಂಗುರದ ಮೇಲೆ. ರಬ್ಬರ್ ಹಳೆಯದಾದರೆ ಉಂಗುರ ಸಡಿಲವಾದ ಬಳೆಯಂತೆ ನಿಧಾನವಾಗಿ ಜಾರುತ್ತದೆ, ಅದರ ಜೊತೆ ಗೆರೆಯೂ ಜಾರುತ್ತದೆ. ಆಮೇಲೆ ಲೈಟ್ ಎಷ್ಟೇ ನಿಖರವಾಗಿದ್ದರೂ ಅದು ಬೆಳಗುವುದು ತಪ್ಪು ಗೆರೆಯನ್ನು.

ಪರೀಕ್ಷೆ ಸುಲಭ. ಹಳೆಯ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು, ಅದರ ಖಾಲಿ ಚಿಪ್ಪಿನಲ್ಲಿ ಉದ್ದನೆಯ ಬೋಲ್ಟ್ ಗಟ್ಟಿಯಾಗಿ ಕೂರಿಸಿ, ತುದಿಯನ್ನು ಉರುಟು ಮಾಡಿ. ಬ್ಯಾಟರಿ ವೈರ್ ತೆಗೆದಿಡಿ. ಆರೂ ಪ್ಲಗ್ ಹೊರಗಿರಲಿ, ಪಿಸ್ಟನ್ ಕೆಳಗಿರುವಾಗ ಇದನ್ನು ಒಂದನೆಯ ತೂತಿಗೆ ಹಾಕಿ. ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಪಿಸ್ಟನ್ ಬೋಲ್ಟ್‌ಗೆ ತಾಗಿ ನಿಂತಾಗ ಸೊನ್ನೆಯ ಎದುರಿಗೆ ಪುಲ್ಲಿಯ ಮೇಲೆ ಒಂದು ಗುರುತು ಹಾಕಿ. ಈಗ ಇನ್ನೊಂದು ದಿಕ್ಕಿಗೆ ತಿರುಗಿಸಿ, ಮತ್ತೆ ತಾಗಿದಾಗ ಇನ್ನೊಂದು ಗುರುತು. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ. ಇದನ್ನು ಸೆಲ್ಫ್ ಹೊಡೆದು ಮಾಡುವಂತಿಲ್ಲ, ಪಿಸ್ಟನ್ ತೂತಾಗುತ್ತದೆ.

ಗುರುತುಗಳ ಅಂತರವನ್ನು ಡಿಗ್ರಿಗೆ ತಿರುಗಿಸಲು ಪುಲ್ಲಿಯ ವ್ಯಾಸವನ್ನು 3.14ರಿಂದ ಗುಣಿಸಿ 360ರಿಂದ ಭಾಗಿಸಿ. ವ್ಯಾಸ 180 ಮಿ.ಮೀ. ಆದರೆ ಒಂದು ಡಿಗ್ರಿಗೆ ಸುಮಾರು 1.57 ಮಿ.ಮೀ.

ಹಳೆಯಹಾದಿ

ಮಾಡಿದೆ. ಪುಲ್ಲಿಯ ವ್ಯಾಸ ಸುಮಾರು 180 ಮಿ.ಮೀ.ಯೇ. ನಡುವಿನ ಬಿಂದುವಿಗೂ ಕಾರ್ಖಾನೆಯ ಗೆರೆಗೂ 17 ಮಿ.ಮೀ. ಅಂತರವಿದೆ, ಅಂದರೆ 11 ಡಿಗ್ರಿಗೆ ಹತ್ತಿರ. ಲೈಟ್ 20 ತೋರಿಸಿದಾಗ ನಿಜವಾದದ್ದು 9. ರಬ್ಬರಿನಲ್ಲಿ ಬಿರುಕುಗಳೂ ಕಾಣುತ್ತಿವೆ.

ಕಿವಿಮಾತು

ಎಂಜಿನ್ ಹೇಳಿದ್ದನ್ನೇ ನಾನು ಹೇಳಿದ್ದು.

ಕಿಡಿಕಾಲ

ಒಪ್ಪಿದೆ, ಈ ಎಂಜಿನ್ 9 ಡಿಗ್ರಿಯನ್ನು ಇಷ್ಟಪಟ್ಟಿತು. ಕೈಪಿಡಿಯೂ ಅದನ್ನೇ ಹೇಳಿತ್ತಲ್ಲ, 8 ಎಂದು.

ಆ ಪುಲ್ಲಿಯನ್ನು ಹೊಸ ಗೆರೆ ಎಳೆದು ಹಾಗೇ ಬಿಡಬೇಡಿ. ಜಾರಿದ ಉಂಗುರ ಮುಂದೆಯೂ ಜಾರುತ್ತದೆ, ಪೂರ್ತಿ ಕಳಚಿಕೊಂಡರೆ ರೇಡಿಯೇಟರ್, ಫ್ಯಾನ್, ಬೆಲ್ಟ್ ಏನನ್ನೂ ಉಳಿಸುವುದಿಲ್ಲ. ಬದಲಿಸಿ. ಬದಲಿಸಿದ ಮೇಲೂ ಬೋಲ್ಟ್ ಹಾಕಿದ ಆ ಪ್ಲಗ್‌ನಿಂದ ಒಮ್ಮೆ ನೋಡಿ. ಹೊಸದರ ಗೆರೆಯೂ ನಿಮ್ಮ ಎಂಜಿನ್‌ನ ಗುರುತುಪಟ್ಟಿಗೆ ಹೊಂದುತ್ತದೆ ಎಂದು ಮೊದಲೇ ನಂಬಬೇಕಿಲ್ಲ.

ಅದಾದ ಮೇಲೆ ಅಡ್ವಾನ್ಸ್ ಪರೀಕ್ಷೆ. ವ್ಯಾಕ್ಯೂಮ್ ಪೈಪ್ ಕಿತ್ತೇ ಇರಲಿ. ಲೈಟ್ ಹಿಡಿದು ನಿಧಾನವಾಗಿ ರೇಸ್ ಮಾಡಿ. ಗೆರೆ ಒಂದೇ ಸಮನೆ ಮುಂದಕ್ಕೆ ಸರಿಯಬೇಕು, ಬಿಟ್ಟಾಗ ತಿರುಗಿ ಅದೇ ಜಾಗಕ್ಕೆ ಬರಬೇಕು. ಜಿಗಿಯುತ್ತ ಹೋದರೆ ಅಥವಾ ಮೇಲೆಯೇ ನಿಂತರೆ ತೂಕಗಳ ಕೀಲು ತುಕ್ಕು ಹಿಡಿದಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಗೆರೆ ಒಂದೇ ಕಡೆ ನಿಲ್ಲದೆ ಹಿಂದೆಮುಂದೆ ಕುಣಿದರೆ ಚೈನ್ ಅಥವಾ ಬುಶ್ ಸವೆದಿದೆ.

ಹಳೆಯಹಾದಿ

ಹೊಸ ಪುಲ್ಲಿ ಹಾಕಿ, ಟಿಡಿಸಿ ಹೊಂದುವುದನ್ನು ನೋಡಿಕೊಂಡು 8ಕ್ಕೆ ಇಟ್ಟೆ. ರೇಸ್ ಮಾಡಿದಾಗ ಗೆರೆ ಸರಿಯುತ್ತದೆ, ಆದರೆ ಆಕ್ಸಿಲರೇಟರ್ ಬಿಟ್ಟ ಮೇಲೆ 14ರ ಹತ್ತಿರ ತೂಗಾಡಿ ಬಹಳ ನಿಧಾನವಾಗಿ ಇಳಿಯುತ್ತದೆ. ಐಡಲ್ ಕೂಡ ಆಗ ಏರಿಯೇ ಇರುತ್ತದೆ.

ಮೌನರೋಟರ್

ತೂಕಗಳು ಅಂಟುತ್ತಿವೆ. ಪಾಯಿಂಟ್ಸ್ ಕೂತ ತಟ್ಟೆ ಎತ್ತಿದರೆ ಕೆಳಗೆ ಸಿಗುತ್ತವೆ. ಹಳೆಯ ಗ್ರೀಸ್ ಗಟ್ಟಿಯಾಗಿ ಅರಗಿನಂತಾಗಿರುತ್ತದೆ, ತೊಳೆದು ಕೀಲುಗಳಿಗೆ ತೆಳುವಾದ ಎಣ್ಣೆ ಒಂದೊಂದು ಹನಿ ಹಾಕಿ. ರೋಟರ್ ಕಿತ್ತು ಅದರಡಿಯ ಫೆಲ್ಟ್‌ಗೂ ಎರಡು ಹನಿ. ಪಾಯಿಂಟ್ಸ್ ಮೇಲೆ ಎಣ್ಣೆ ತಾಗಬಾರದು. ಸ್ಪ್ರಿಂಗ್‌ಗಳಲ್ಲಿ ಒಂದು ದಪ್ಪ, ಒಂದು ತೆಳು ಇರುವುದು ಸಾಮಾನ್ಯ, ಎರಡನ್ನೂ ಒಂದೇ ಅಳತೆಯವು ಮಾಡಲು ಹೋಗಬೇಡಿ. ಕೆಲಸ ಸರಿಯಾದರೆ ರೋಟರನ್ನು ಕೈಯಿಂದ ಪ್ರದಕ್ಷಿಣವಾಗಿ ತಿರುಗಿಸಿ ಬಿಟ್ಟಾಗ ಅದು ಚಟ್ಟನೆ ಹಿಂದಕ್ಕೆ ಬರುತ್ತದೆ.

ವ್ಯಾಕ್ಯೂಮ್ ಡಬ್ಬಿಯ ಪೈಪ್ ಬಾಯಲ್ಲಿ ಹೀರಿ ನಾಲಿಗೆಯಿಂದ ಮುಚ್ಚಿ. ತಟ್ಟೆ ಸರಿದು ಅಲ್ಲೇ ನಿಂತರೆ ಒಳಗಿನ ಪೊರೆ ಚೆನ್ನಾಗಿದೆ. ಮರಳಿ ಬಂದರೆ ಹರಿದಿದೆ.

ಹಳೆಯಹಾದಿ

ಗ್ರೀಸ್ ಅಲ್ಲ, ಮೇಣವೇ ಇತ್ತು ಎನ್ನಬಹುದು. ತೊಳೆದ ಮೇಲೆ ಗೆರೆ 8ರಿಂದ ಹೊರಟು 32ಕ್ಕೆ ನಿಲ್ಲುತ್ತದೆ, ಬಿಟ್ಟ ಕೂಡಲೇ 8ಕ್ಕೆ ಮರಳುತ್ತದೆ. ಪೊರೆ ಸರಿಯಿದೆ. ಏರಿನಲ್ಲಿ ಟಾಪ್ ಗೇರ್‌ನಲ್ಲಿ ಒತ್ತಿ ನೋಡಿದೆ, ಪಿಂಕಿಂಗ್ ಇಲ್ಲ.

ತುಂತುರುಮಳೆ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಫ್ಯೂಯೆಲ್ ಇಂಜೆಕ್ಷನ್ ಇರುವ, ಆದರೆ ಡಿಸ್ಟ್ರಿಬ್ಯೂಟರೂ ಇರುವ ಕಾರು. ಬಾಡಿ ತಿರುಗಿಸಿದರೆ ಲೈಟ್‌ನಲ್ಲಿ ಗೆರೆ ಸ್ವಲ್ಪ ಸರಿದು ಮತ್ತೆ ಅಲೆದಾಡುತ್ತದೆ. ಇಲ್ಲಿಯ ವಿಧಾನವೇ ಸಾಕೇ?

ಕಿಡಿಕಾಲ

ಸಾಲದು. ನಿಮ್ಮದರಲ್ಲಿ ಅಡ್ವಾನ್ಸ್ ಕೊಡುವುದು ತೂಕ ಮತ್ತು ಪೊರೆ ಅಲ್ಲ, ಕಂಪ್ಯೂಟರ್. ನೀವು ಬಾಡಿ ತಿರುಗಿಸುತ್ತಿದ್ದಂತೆ ಅದೂ ಐಡಲ್ ಹಿಡಿದಿಡಲು ಟೈಮಿಂಗ್ ಬದಲಿಸುತ್ತಿರುತ್ತದೆ. ಅದನ್ನು ಬೇಸ್ ಟೈಮಿಂಗ್ ಸ್ಥಿತಿಗೆ ತಂದು ನಿಲ್ಲಿಸಬೇಕು. ಹಲವು ಟೊಯೋಟಾಗಳಲ್ಲಿ ಡಯಾಗ್ನೋಸ್ಟಿಕ್ ಪೆಟ್ಟಿಗೆಯ ಟಿಇ1 ಮತ್ತು ಇ1 ಪಿನ್‌ಗಳನ್ನು ತಂತಿಯಿಂದ ಸೇರಿಸುತ್ತಾರೆ, ಆ ಕಾಲದ ಫೋರ್ಡ್‌ಗಳಲ್ಲಿ ಸ್ಪೌಟ್ ಎಂಬ ಚಿಕ್ಕ ಕನೆಕ್ಟರ್ ಕಿತ್ತಿಡುತ್ತಾರೆ. ನಿಮ್ಮ ಕಾರಿನ ಕ್ರಮ ಬಾನೆಟ್ ಒಳಗಿನ ಸ್ಟಿಕರ್‌ನಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮಾಡಿ, ಮುಗಿದ ಮೇಲೆ ತಂತಿ ತೆಗೆಯಲು ಮರೆಯಬೇಡಿ.

ಮೌನರೋಟರ್

ಒಂದು ಸೇರ್ಪಡೆ. ಜೀಪ್‌ನ 4.0 ಲೀಟರ್ ಇಂಜೆಕ್ಷನ್ ಎಂಜಿನ್‌ನಂಥವುಗಳಲ್ಲಿ ಟೈಮಿಂಗ್ ತೆಗೆದುಕೊಳ್ಳುವುದು ಕ್ರ್ಯಾಂಕ್ ಸೆನ್ಸರ್‌ನಿಂದ. ಡಿಸ್ಟ್ರಿಬ್ಯೂಟರ್‌ನೊಳಗಿನ ಸೆನ್ಸರ್ ಯಾವ ಸಿಲಿಂಡರ್‌ನ ಸರದಿ ಎಂದಷ್ಟೇ ಹೇಳುತ್ತದೆ. ಅಲ್ಲಿ ಬಾಡಿ ತಿರುಗಿಸಿದರೆ ಟೈಮಿಂಗ್ ಒಂದು ಡಿಗ್ರಿಯೂ ಬದಲಾಗುವುದಿಲ್ಲ. ಬದಲಾಗುವುದು ಇಂಜೆಕ್ಟರ್ ಸಿಂಪಡಿಸುವ ಹೊತ್ತು, ಜೊತೆಗೆ ಕಿಡಿ ಬೀಳುವಾಗ ರೋಟರ್ ಟರ್ಮಿನಲ್‌ಗೆ ಎದುರಾಗಿದೆಯೋ ಇಲ್ಲವೋ ಎಂಬುದು. ಬಹಳ ಓರೆಯಾದರೆ ಕಿಡಿ ಪಕ್ಕದ ಟರ್ಮಿನಲ್‌ಗೆ ಹಾರಿ ಮಿಸ್ಸಿಂಗ್ ಶುರುವಾಗುತ್ತದೆ. ನಿಮ್ಮ ಕಾರಿನಲ್ಲಿ ಗೆರೆ ಸರಿಯುವುದು ಬಾಡಿ ತಿರುಗಿಸಿದ್ದಕ್ಕೋ, ಕಂಪ್ಯೂಟರ್ ತಾನೇ ಸರಿಸುತ್ತಿರುವುದಕ್ಕೋ ಎಂದು ಮೊದಲು ಬೇಸ್ ಸ್ಥಿತಿಯಲ್ಲಿಟ್ಟು ನೋಡಿ, ಮಾಡೆಲ್ ಮತ್ತು ವರ್ಷವನ್ನೂ ಬರೆಯಿರಿ.